ಬೇರು ನೀರಿಗೆ ಏನು ಬಿಡುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಹೈಡ್ರೋಪೋನಿಕ್ಸ್ ಬಗ್ಗೆ, ಅಂದರೆ ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವುದರ ಬಗ್ಗೆ, ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದರಲ್ಲಿ 'ಬೇರು ನೀರನ್ನು ಕುಡಿಯುತ್ತದೆ, ಜೊತೆಗೆ ನೀರಿಗೆ ತಾನೂ ಕೆಲವು ರಾಸಾಯನಿಕ ಬಿಡುತ್ತದೆ' ಎಂಬ ಒಂದು ಸಾಲು ಇತ್ತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ನನಗೆ ತುಂಬಾ ಖುಷಿಯಾಯಿತು. ಲ್ಯಾಬಿನಲ್ಲಿ ಕಳೆದ 29 ವರ್ಷಗಳಲ್ಲಿ ನನ್ನ ಜಾಸ್ತಿ ಸಮಯ ಹೋದದ್ದು ಬೇರು ಅದ್ದಿಟ್ಟ ನೀರಿನ ಹಿಂದೆಯೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಲ ಇವುಗಳಿಗಷ್ಟೇ ಉತ್ತರ ಬರೆದಿದ್ದೇನೆ. ಬೇರಿನಿಂದ ಹೊರಗೆ ಬರುವುದನ್ನು ನಾನು 'ಒಸರು' ಎಂದೇ ಕರೆಯುತ್ತೇನೆ. ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತಿತ್ತು.

ಪ್ರಶ್ನೆ: ಮೇಡಂ, ತಾರಸಿಯ ಮೇಲೆ ಪೈಪುಗಳಲ್ಲಿ ನೀರು ಹರಿಸಿ ಲೆಟ್ಯೂಸ್ ಸೊಪ್ಪು ಬೆಳೆಯುತ್ತಿದ್ದೇನೆ. ಮೊದಲ ಬೆಳೆ ಚೆನ್ನಾಗಿ ಬಂತು. ಅದೇ ಟ್ಯಾಂಕಿನ ನೀರಿಗೆ ಗೊಬ್ಬರ ಸೇರಿಸುತ್ತಾ ಹೋದೆ. ಎರಡನೆಯದು ಪರವಾಗಿಲ್ಲ. ಮೂರನೆಯದು ಅಂಗೈಯಷ್ಟಾಗಿ ನಿಂತುಬಿಟ್ಟಿದೆ. ಇಸಿ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ), ಪಿಎಚ್ (ಹುಳಿ-ಕ್ಷಾರದ ಅಳತೆ) ಎರಡೂ ಸರಿಯಾಗಿವೆ. ಗಿಡವೇ ನೀರಿಗೆ ವಿಷ ಬಿಡುತ್ತಿದೆಯಾ?
— ತಾರಸಿ ಕೃಷಿಕರು, ಮೈಸೂರು

ಉತ್ತರ: ಬಿಡುತ್ತಿರಬಹುದು. ಆದರೆ ಅದನ್ನು ಕೊನೆಗೆ ಅನುಮಾನಿಸಿ. ಮೊದಲು ಬೇರೆ ಮೂರು ವಿಷಯ ನೋಡಿಬಿಡಿ.

ಮಧ್ಯಾಹ್ನ ಎರಡು ಗಂಟೆಗೆ ಟ್ಯಾಂಕಿನೊಳಗೆ ಥರ್ಮಾಮೀಟರ್ ಇಳಿಬಿಡಿ. 20 ಡಿಗ್ರಿಯ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಗೆ ಬೇರಿನ ಉಸಿರಾಟ ಮಾತ್ರ ಹೆಚ್ಚುತ್ತದೆ. ಬೇಕಾದದ್ದು ಜಾಸ್ತಿ, ಸಿಗುವುದು ಕಡಿಮೆ. ಇದು ಒಂದು. ಎರಡನೆಯದು, ಬೇರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿಕೊಂಡು ಒಳಗಿನ ದಾರ ಮಾತ್ರ ಉಳಿದರೆ ಅದು ಬೇರು ಕೊಳೆ ರೋಗ. ಒಸರಿನ ಮಾತು ಅಲ್ಲಿಗೆ ಮುಗಿಯಿತು. ಮೂರನೆಯದು, ನಿಮ್ಮದು ಬೋರ್‌ವೆಲ್ ನೀರಾದರೆ ಗಿಡಕ್ಕೆ ಬೇಡದ ಸೋಡಿಯಂ, ಕ್ಲೋರೈಡ್ ಟ್ಯಾಂಕಿನಲ್ಲಿ ಕೂಡುತ್ತಾ ಹೋಗುತ್ತವೆ. ಇಸಿ ಮೀಟರ್ ಒಟ್ಟು ಉಪ್ಪು ಎಷ್ಟು ಅಂತ ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ. ಆದ್ದರಿಂದ 'ಇಸಿ ಸರಿಯಿದೆ' ಅನ್ನುವುದನ್ನು ಪೂರ್ತಿ ನಂಬಬೇಡಿ.

ಈ ಮೂರೂ ಸರಿಯಿದ್ದರೆ ಒಸರಿನ ಕಡೆ ತಿರುಗಬಹುದು. ನಿಮ್ಮ ಅನುಮಾನ ಹೊಸದಲ್ಲ. ಬೇರು ಬಿಡುವ ವಸ್ತುಗಳಿಂದ ನೆಲ ಕೆಡುತ್ತದೆ, ಅದಕ್ಕೇ ಬೆಳೆ ಬದಲಿಸಬೇಕಾಗುತ್ತದೆ ಎಂದು ಸ್ವಿಸ್ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ 1832ರಲ್ಲೇ ಹೇಳಿದ್ದರು. ಮಣ್ಣಿನಲ್ಲಿ ಅದನ್ನು ಬಿಡಿಸಿ ನೋಡುವುದು ಬಹಳ ಕಷ್ಟ. ನೀರನ್ನೇ ಸುತ್ತಿಸಿ ಸುತ್ತಿಸಿ ಬಳಸುವ ಹೈಡ್ರೋಪೋನಿಕ್ಸ್ ಬಂದ ಮೇಲೆ ಅದು ಕಣ್ಣೆದುರು ಕಾಣತೊಡಗಿತು. ಜಪಾನಿನ ಶಿಮಾನೆ ವಿಶ್ವವಿದ್ಯಾಲಯದಲ್ಲಿ ತೋಶಿಕಿ ಅಸಾವೊ ಮತ್ತು ಅವರ ಜೊತೆಗಾರರು ಸೌತೆ, ಸ್ಟ್ರಾಬೆರಿ ಮುಂತಾದ ಬೆಳೆಗಳಲ್ಲಿ ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಹಳೆಯ ನೀರಿನಲ್ಲಿ ಬೆಂಜೋಯಿಕ್ ಆಮ್ಲ ಮತ್ತು ಅದರ ಬಳಗದ ವಸ್ತುಗಳು ಸಿಕ್ಕಿದವು. ಅದೇ ನೀರಿಗೆ ಇಂಥ ವಸ್ತುಗಳನ್ನು ಹೀರಿ ಹಿಡಿಯುವ ಇದ್ದಿಲು, ಅಂದರೆ ಆಕ್ಟಿವೇಟೆಡ್ ಚಾರ್ಕೋಲ್ ಹಾಕಿದಾಗ ಗಿಡ ಚೇತರಿಸಿಕೊಂಡಿತು. ಲೆಟ್ಯೂಸ್ ಬೆಳೆದ ನೀರನ್ನು ಮತ್ತೆ ಮತ್ತೆ ಬಳಸಿದಾಗ ಇಂಥ ಆಮ್ಲಗಳು ಕೂಡುತ್ತವೆ ಎಂದು 2006ರಲ್ಲಿ ಕೊರಿಯಾದಿಂದಲೂ ವರದಿ ಬಂತು.

ನಿಮ್ಮ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೂರು ಸಾಸರ್ ತೆಗೆದುಕೊಂಡು ಒಂದೊಂದರಲ್ಲೂ ಎರಡು ಪದರ ಟಿಶ್ಯೂ ಪೇಪರ್ ಹಾಸಿ. ಒಂದಕ್ಕೆ ಹಳೆಯ ಟ್ಯಾಂಕಿನ ನೀರು. ಎರಡನೆಯದಕ್ಕೆ ಅದೇ ಇಸಿ, ಅದೇ ಪಿಎಚ್ ಬರುವ ಹಾಗೆ ಹೊಸದಾಗಿ ಗೊಬ್ಬರ ಬೆರೆಸಿದ ನೀರು. ಮೂರನೆಯದಕ್ಕೆ ಹಳೆಯ ನೀರನ್ನೇ ಒಂದು ಚಮಚ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಹಾಕಿ ಒಂದು ರಾತ್ರಿ ಬಿಟ್ಟು, ಸೋಸಿ ಹಾಕಿ. ಸೋಸಿದ ಮೇಲೆ ಇಸಿ, ಪಿಎಚ್ ಮತ್ತೊಮ್ಮೆ ನೋಡಿ, ಬದಲಾಗಿದ್ದರೆ ಸರಿ ಮಾಡಿಕೊಳ್ಳಿ. ಒಂದೊಂದರಲ್ಲೂ 30 ಲೆಟ್ಯೂಸ್ ಬೀಜ ಇಟ್ಟು ಮುಚ್ಚಿ, ತಂಪಾದ ಜಾಗದಲ್ಲಿಡಿ. ನಾಲ್ಕನೇ ದಿನ ಬೇರಿನ ಉದ್ದವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಿ. ಒಂದನೆಯದರಲ್ಲಿ ಬೇರು ಗಿಡ್ಡ, ಎರಡು ಮೂರರಲ್ಲಿ ಉದ್ದ ಅಂದರೆ ನಿಮ್ಮ ಅನುಮಾನಕ್ಕೆ ಬಲ ಬಂತು. ಒಂದು ಮತ್ತು ಮೂರು ಎರಡೂ ಗಿಡ್ಡವಾದರೆ ಉಪ್ಪಿನ ಕಡೆ ಹೋಗಿ, ಯಾಕಂದರೆ ಚಾರ್ಕೋಲ್ ಸೋಡಿಯಂ ಹಿಡಿಯುವುದಿಲ್ಲ.

ಟ್ಯಾಂಕಿಗೇ ಚಾರ್ಕೋಲ್ ಹಾಕುತ್ತೀರಾದರೆ ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ನೀರು ವಾಪಸ್ ಬೀಳುವ ಜಾಗದಲ್ಲಿ ತೂಗುಹಾಕಿ. ಅದು ಗೊಬ್ಬರದಲ್ಲಿರುವ ಕಬ್ಬಿಣದ ಇಡಿಟಿಎಯನ್ನೂ (ನೀರಿನಲ್ಲಿ ಕರಗಿಯೇ ಉಳಿಯುವ ಕಬ್ಬಿಣದ ರೂಪ) ಸ್ವಲ್ಪ ಹಿಡಿದುಬಿಡುತ್ತದೆ. ಎಳೆ ಎಲೆ ಹಳದಿಯಾದರೆ ಕಬ್ಬಿಣ ಮತ್ತೆ ಸೇರಿಸಿ. ಇದೆಲ್ಲ ಬೇಡ ಅನ್ನಿಸಿದರೆ ಎರಡು ಬೆಳೆಗೊಮ್ಮೆ ಟ್ಯಾಂಕ್ ಖಾಲಿ ಮಾಡಿ, ಆ ನೀರನ್ನು ಸಪೋಟ, ಕರಿಬೇವಿನ ಬುಡಕ್ಕೆ ಹಾಕಿ. ಮಣ್ಣಿನ ಸೂಕ್ಷ್ಮಜೀವಿಗಳು ಈ ಆಮ್ಲಗಳನ್ನು ತಿಂದು ಮುಗಿಸುತ್ತವೆ.

ಪ್ರಶ್ನೆ: ನಾನು ಎಂ.ಎಸ್ಸಿ. ಸಸ್ಯಶಾಸ್ತ್ರ ಓದುತ್ತಿದ್ದೇನೆ. ಹೈಡ್ರೋಪೋನಿಕ್ಸ್‌ನಲ್ಲಿ ಬೆಳೆದ ಗಿಡದ ಬೇರಿನ ಒಸರನ್ನೇ ಪ್ರಾಜೆಕ್ಟಿಗೆ ತೆಗೆದುಕೊಳ್ಳಬೇಕು ಅಂತ ಆಸೆ. ನಮ್ಮ ಕಾಲೇಜಿನಲ್ಲಿ ದೊಡ್ಡ ಯಂತ್ರ ಯಾವುದೂ ಇಲ್ಲ. ಸಾಧ್ಯವಾ? ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ಸಾಧ್ಯ. ಯಂತ್ರಕ್ಕಿಂತ ಮೊದಲು ಕೈ ಪಳಗಬೇಕು. ನನ್ನದೇ ಒಂದು ಸಂಗತಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮರಳಿನಲ್ಲಿ ಬೆಳೆಸಿದ ಗೋಧಿ ಸಸಿಗಳನ್ನು ಕಿತ್ತು, ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಬೇರು ಅದ್ದಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನಿನ್‌ಹೈಡ್ರಿನ್ ಹಾಕಿ ಬಿಸಿ ಮಾಡಿದರೆ ಗಾಢ ನೇರಳೆ. ಅಮೈನೋ ಆಮ್ಲಗಳು ಸುರಿದುಬಿಟ್ಟಿವೆ! ಖುಷಿಯಿಂದ ಟ್ಯೂಬನ್ನು ನಮ್ಮ ಹಿರಿಯರ ಮುಂದೆ ಹಿಡಿದೆ. ಅವರು ಟ್ಯೂಬ್ ನೋಡಲೇ ಇಲ್ಲ. ಸಸಿ ತರಲು ಹೇಳಿದರು. ಬೇರನ್ನು ಕಪ್ಪು ಹಾಳೆಯ ಮೇಲೆ ಹರಡಿ, ಲೆನ್ಸ್ ನನ್ನ ಕೈಗೆ ಕೊಟ್ಟರು. ಸಣ್ಣ ಬೇರುಗಳ ತುದಿಯೇ ಇರಲಿಲ್ಲ. ಮರಳಿನಿಂದ ಎಳೆಯುವಾಗ ಎಲ್ಲ ಹರಿದುಹೋಗಿದ್ದವು. 'ಇದು ಬೇರು ಕೊಟ್ಟಿದ್ದಲ್ಲಮ್ಮ, ಗಾಯದಿಂದ ಸೋರಿದ್ದು' ಎಂದರು. ಆ ಮಾತು ನನ್ನ ಜೊತೆ ಉಳಿದುಬಿಟ್ಟಿದೆ. ಒಸರಿನ ಬಗ್ಗೆ ಯಾರ ಲೆಕ್ಕ ಓದಿದರೂ, ಬೇರನ್ನು ಹೇಗೆ ಎತ್ತಿದರು ಅಂತ ಮೊದಲು ಹುಡುಕುತ್ತೇನೆ.

ಹೈಡ್ರೋಪೋನಿಕ್ಸ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುವುದು ಇದೇ ಕಾರಣಕ್ಕೆ. ಕೀಳುವ ಹಂಗಿಲ್ಲ. ಥರ್ಮಾಕೋಲ್ ತುಂಡಿಗೆ ತೂತು ಮಾಡಿ, ಮೊಳಕೆ ಬಂದ ಸಸಿಗಳನ್ನು ಹತ್ತಿಯಲ್ಲಿ ಸಡಿಲವಾಗಿ ಸುತ್ತಿ ಕೂರಿಸಿ. ಬಾಟಲಿಯ ಸುತ್ತ ಕಪ್ಪು ಕಾಗದ ಸುತ್ತಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಮೀನಿನ ತೊಟ್ಟಿಯ ಏರ್ ಪಂಪ್ ಸಾಕು. ಪೋಷಕ ದ್ರಾವಣಕ್ಕೆ ಹೋಗ್ಲಂಡ್ ಸೂತ್ರ ಹಿಡಿಯಿರಿ. ಕ್ಯಾಲಿಫೋರ್ನಿಯಾದಲ್ಲಿ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಪ್ರಕಟಿಸಿದ್ದು, ಈಗಲೂ ಚೆನ್ನಾಗಿ ನಡೆಯುತ್ತದೆ. ಎಳೆ ಸಸಿಗೆ ಅದರ ಕಾಲು ಭಾಗದ ಗಾಢತೆ ಸಾಕು.

ಒಸರು ಹಿಡಿಯುವ ದಿನ ಸಸಿಯನ್ನು ಮುಟ್ಟಲೇಬೇಡಿ. ಥರ್ಮಾಕೋಲ್ ಸಮೇತ ಎತ್ತಿ ತೊಳೆಯುವ ನೀರಿಗೆ ಇಳಿಸಿ, ಮತ್ತೆ ಎತ್ತಿ ಹೊಸ ನೀರಿಗೆ ಇಳಿಸಿ. ಮೂರು ಸಲ ಹೀಗೆ ಮಾಡಿ. ಆಮೇಲೆ ಒಸರು ಹಿಡಿಯುವ ಬಾಟಲಿಗೆ ಇಳಿಸಿ ಎರಡು ಗಂಟೆ ಬಿಡಿ. ಬರೀ ಡಿಸ್ಟಿಲ್ಡ್ ವಾಟರ್ ಬೇಡ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಬೇರಿನ ಜೀವಕೋಶದ ಪೊರೆ ಸಡಿಲವಾಗಿ ಒಳಗಿನದೆಲ್ಲ ಸೋರುತ್ತದೆ. ಒಂದು ಲೀಟರಿಗೆ 74 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿದರೆ ಅರ್ಧ ಮಿಲಿಮೋಲಾರ್ ಆಗುತ್ತದೆ, ಅಷ್ಟು ಸಾಕು.

ರಾತ್ರಿಯಿಡೀ ಬಿಡುವ ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ. ಬೇರಿನ ಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಸಕ್ಕರೆ, ಅಮೈನೋ ಆಮ್ಲ ಕೆಲವೇ ಗಂಟೆಗಳಲ್ಲಿ ಅವುಗಳ ಹೊಟ್ಟೆ ಸೇರುತ್ತವೆ. ಅವು ಬಿಟ್ಟದ್ದನ್ನು ನಾವು ಗಿಡದ್ದು ಅಂತ ಬರೆದುಕೊಳ್ಳುತ್ತೇವೆ. ಎರಡು ಗಂಟೆ ಆದ ಕೂಡಲೇ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಫ್ರೀಜರಿಗೆ ಹಾಕಿ. ಜೊತೆಗೆ ಸಸಿಯೇ ಇಲ್ಲದ ಬಾಟಲಿ ಒಂದು ಇರಲಿ. ಅದೇ ಥರ್ಮಾಕೋಲ್, ಅದೇ ಹತ್ತಿ, ಅದೇ ಎರಡು ಗಂಟೆ. ಅದರಲ್ಲೂ ಬಣ್ಣ ಬಂದರೆ ಗಿಡದ ಲೆಕ್ಕದಿಂದ ಅಷ್ಟು ಕಳೆಯಬೇಕು.

ಪರೀಕ್ಷೆಗೆ ನಿಮ್ಮ ಕಾಲೇಜಿನಲ್ಲಿ ಇರುವುದೇ ಸಾಕು. ಸಕ್ಕರೆಗೆ ಆಂಥ್ರೋನ್, ಹಸಿರು ಮಿಶ್ರಿತ ನೀಲಿ ಬರುತ್ತದೆ. ಇದರಲ್ಲಿ ಗಾಢ ಸಲ್ಫ್ಯೂರಿಕ್ ಆಮ್ಲ ಇರುತ್ತದೆ, ಕನ್ನಡಕ ಹಾಕದೆ ಮುಟ್ಟಬೇಡಿ. ಅಮೈನೋ ಆಮ್ಲಕ್ಕೆ ನಿನ್‌ಹೈಡ್ರಿನ್. ಫೀನಾಲುಗಳಿಗೆ ಫೋಲಿನ್-ಸಿಯೋಕಾಲ್ಟೊ, ನೀಲಿ. ಅದು ಬೇರೆ ಕೆಲವು ವಸ್ತುಗಳಿಗೂ ನೀಲಿ ಕೊಡುತ್ತದೆ ಅನ್ನುವುದನ್ನು ವರದಿಯಲ್ಲಿ ಬರೆಯಿರಿ. ಫಲಿತಾಂಶವನ್ನು 'ಒಂದು ಗ್ರಾಂ ಒಣ ಬೇರಿಗೆ, ಒಂದು ಗಂಟೆಗೆ ಇಷ್ಟು' ಎಂದು ಕೊಡಿ. ಬಾಟಲಿಗೆ ಇಷ್ಟು ಅಂತ ಕೊಟ್ಟರೆ ಯಾರೂ ಹೋಲಿಸಲಾರರು.

ಯಾವ ಗಿಡ ಅಂತ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಜವೆಗೋಧಿ, ಅಂದರೆ ಬಾರ್ಲಿ, ತೆಗೆದುಕೊಳ್ಳಿ. ಕಿರಾಣಿ ಅಂಗಡಿಯ ಬಾರ್ಲಿ ಬೇಡ, ಅದು ಉಜ್ಜಿ ಬೆಳ್ಳಗೆ ಮಾಡಿದ್ದು, ಮೊಳೆಯುವುದು ಕಷ್ಟ. ಹೊಟ್ಟಿರುವ ಬಿತ್ತನೆ ಬೀಜವೇ ಬೇಕು. ಕಬ್ಬಿಣ ಹಾಕದ ದ್ರಾವಣದಲ್ಲಿ ಬೆಳೆಸುತ್ತಾ ಹೋದರೆ ಎಳೆ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಆಗ ಅದರ ಬೇರು ಮ್ಯುಜಿನಿಕ್ ಆಮ್ಲಗಳನ್ನು ಬಿಡುತ್ತದೆ. ಅವು ಹೊರಗೆ ಹೋಗಿ, ಕಬ್ಬಿಣವನ್ನು ಕಚ್ಚಿಕೊಂಡು, ಅದರ ಸಮೇತ ಬೇರಿನೊಳಕ್ಕೆ ವಾಪಸ್ ಬರುತ್ತವೆ. ಹುಲ್ಲಿನ ಜಾತಿಯ ಬೇರು ತೊಳೆದ ನೀರಿಗೆ ಕಬ್ಬಿಣ ಕರಗಿಸುವ ಶಕ್ತಿ ಇದೆ ಎಂದು ಜಪಾನಿನ ತಕಾಗಿ 1976ರಲ್ಲಿ ತೋರಿಸಿದರು. ಜಪಾನಿ ಭಾಷೆಯಲ್ಲಿ ಗೋಧಿ, ಜವೆಗೋಧಿಗೆ 'ಮುಗಿ' ಎನ್ನುತ್ತಾರೆ, ಆಮ್ಲಕ್ಕೆ ಹೆಸರು ಬಂದದ್ದು ಅಲ್ಲಿಂದ.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಹೊತ್ತಿನದು. ಜವೆಗೋಧಿ ಈ ಆಮ್ಲವನ್ನು ಇಡೀ ದಿನ ಬಿಡುವುದಿಲ್ಲ. ಸೂರ್ಯ ಹುಟ್ಟಿದ ಕೆಲವು ಗಂಟೆಗಳಲ್ಲಿ ಒಮ್ಮೆಲೇ ಬಿಟ್ಟು ನಿಲ್ಲಿಸಿಬಿಡುತ್ತದೆ. ನಾವು ಊಟ ಮುಗಿಸಿ ಮಧ್ಯಾಹ್ನ ಹಿಡಿದ ನೀರಿನಲ್ಲಿ ಏನೂ ಸಿಗುತ್ತಿರಲಿಲ್ಲ. ಒಂದು ದಿನ ಮೊದಲ ಬಸ್ಸಿಗೆ ಹೋಗಿ ಏಳು ಗಂಟೆಗೇ ಬೇರು ಇಳಿಸಿದೆ. ಹತ್ತು ಗಂಟೆಗೆ ಸೋಸಿ, ಹೊಸದಾಗಿ ಮಾಡಿದ ಕಬ್ಬಿಣದ ಹೈಡ್ರಾಕ್ಸೈಡಿನ ಜೊತೆ ಕುಲುಕಿ, ಮತ್ತೆ ಸೋಸಿ, ಹೈಡ್ರಾಕ್ಸಿಲಮೀನ್ ಮತ್ತು ಫಿನಾಂಥ್ರೋಲಿನ್ ಹಾಕಿದೆ. ಟ್ಯೂಬಿನ ತಳದಿಂದ ಕಿತ್ತಳೆ ಬಣ್ಣ ಮೆಲ್ಲಗೆ ಏರಿತು, ಅಂದರೆ ಒಸರು ಕಬ್ಬಿಣವನ್ನು ಕರಗಿಸಿತ್ತು. ಪಕ್ಕದಲ್ಲಿದ್ದ ಗಿಡವಿಲ್ಲದ ಟ್ಯೂಬ್ ನೀರಿನ ಹಾಗೇ ಇತ್ತು. ಇದಕ್ಕೆ ಬೇಕಾದ ರಾಸಾಯನಿಕಗಳು ಸಾಮಾನ್ಯ ಕಾಲೇಜು ಲ್ಯಾಬಿನಲ್ಲೇ ಸಿಗುತ್ತವೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಾಲ್ಕು ಹೊತ್ತು ಅಳೆದರೂ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಇನ್ನೊಂದು ಮಾತು. ಯುರೋಪಿನಿಂದ ಹೋಗಿ ಉತ್ತರ ಅಮೆರಿಕದ ಹುಲ್ಲುಗಾವಲು ಆಕ್ರಮಿಸಿದ ನ್ಯಾಪ್‌ವೀಡ್ ಎಂಬ ಕಳೆ ಇದೆ. ಅದರ ಬೇರು ಕ್ಯಾಟೆಚಿನ್ ಎಂಬ ರಾಸಾಯನಿಕ ಬಿಟ್ಟು ಸುತ್ತಲಿನ ಗಿಡಗಳನ್ನು ಕೊಲ್ಲುತ್ತದೆ ಎಂದು 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬಂತು. ದೊಡ್ಡ ಹೆಸರಾಯಿತು. ಬೇರೆ ಲ್ಯಾಬಿನವರು ಮತ್ತೆ ಅಳೆದಾಗ ಅಷ್ಟು ಕ್ಯಾಟೆಚಿನ್ ಸಿಗಲಿಲ್ಲ. 2010ರಲ್ಲಿ ಆ ಲೇಖನವನ್ನು ಹಿಂದಕ್ಕೆ ಪಡೆದರು. ನಿಮ್ಮ ಅಳತೆಯನ್ನು ಮೂರು ಬೇರೆ ಬೇರೆ ದಿನ, ಹೊಸ ಸಸಿಗಳ ಮೇಲೆ ಮತ್ತೆ ಮಾಡಿ. ಮೂರೂ ದಿನ ಒಂದೇ ಥರ ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ.

ಪ್ರಶ್ನೆ: ನಮ್ಮ ಕಡೆ ಜೋಳ ತೆಗೆದ ಹೊಲದಲ್ಲಿ ಮುಂದಿನ ಬೆಳೆ ಬೇಗ ಏಳುವುದಿಲ್ಲ, ಜೋಳ ನೆಲದ ಸತ್ವ ಹೀರುತ್ತದೆ ಎನ್ನುತ್ತಾರೆ. ಬೇರು ವಿಷ ಬಿಡುತ್ತದೆ ಅಂತಲೂ ಓದಿದ್ದೇನೆ. ನಮ್ಮ ಶಾಲೆಯ ಮಕ್ಕಳ ಜೊತೆ ಜೋಳವನ್ನು ನೀರಿನಲ್ಲಿ ಬೆಳೆಸಿ ಆ ವಿಷ ತೋರಿಸಬಹುದೇ?
— ಶಿಕ್ಷಕರು, ಇಂಡಿ

ಉತ್ತರ: ನಾನೂ ನಿಮ್ಮ ಸೀಮೆಯವಳೇ ಗುರುಗಳೇ. ಬಿಳಿಜೋಳದ ಕೂಳೆ ಇರುವ ಹೊಲಕ್ಕೆ ಅಷ್ಟು ಬೇಗ ಬೀಜ ಹಾಕಬಾರದು ಅಂತ ನಮ್ಮವ್ವ ಹೇಳುತ್ತಿದ್ದಳು. ಕಾರಣ ಕೇಳಿದರೆ 'ಜೋಳದ ಬೇರು ಇನ್ನೂ ಉರೀತದ' ಅನ್ನುತ್ತಿದ್ದಳು. ಎಷ್ಟೋ ವರ್ಷಗಳ ನಂತರ ಲೆನ್ಸಿನ ಕೆಳಗೆ ಆ ಬೇರು ನೋಡಿದಾಗ ಅವ್ವನ ಮಾತು ನೆನಪಾಗಿ ಕಣ್ಣು ತುಂಬಿ ಬಂತು.

ನೀರಿನಲ್ಲಿ ಮುಳುಗಿಸಿ ಬೆಳೆಸಿದರೆ ಮಾತ್ರ ನಿಮಗೆ ಅದು ಕಾಣುವುದಿಲ್ಲ. ಜೋಳದ ಬೇರು ಬಿಡುವ ಸೋರ್ಗೋಲಿಯೋನ್ ಎಣ್ಣೆಯಂಥ ವಸ್ತು, ನೀರಿನಲ್ಲಿ ಕರಗುವುದಿಲ್ಲ. ಅದು ಹುಟ್ಟುವುದು ಬೇರಿನ ಮೇಲಿನ ಸಣ್ಣ ರೋಮಗಳಲ್ಲಿ. ಪೂರ್ತಿ ಮುಳುಗಿದ ಬೇರಿನಲ್ಲಿ ರೋಮಗಳೇ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಇದನ್ನು ಅಭ್ಯಾಸ ಮಾಡುವವರು ನೀರು ಹೀರಿಕೊಂಡ ದಪ್ಪ ಬಟ್ಟೆಯ ಮೇಲೆ ಸಸಿ ಬೆಳೆಸುತ್ತಾರೆ. ನೀರೂ ಇರಬೇಕು, ಗಾಳಿಯೂ ಆಡಬೇಕು.

ನೀವು ಹೀಗೆ ಮಾಡಿ. ಔಷಧಿ ಹಚ್ಚದ ಜೋಳದ ಬೀಜ ತೆಗೆದುಕೊಳ್ಳಿ. ಸ್ಟೀಲ್ ಡಬ್ಬಿಯಲ್ಲಿ ಎರಡು ಮಡಿಕೆ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಹಾಸಿ. ಬೀಜಗಳನ್ನು ದೂರ ದೂರ ಇಟ್ಟು ಮುಚ್ಚಳ ಸಡಿಲವಾಗಿ ಮುಚ್ಚಿ. ಬಟ್ಟೆ ಒಣಗಬಾರದು, ನೀರು ನಿಲ್ಲಲೂಬಾರದು. ಐದಾರು ದಿನಕ್ಕೆ ಬೇರಿನ ಮೇಲೆ ಬಿಳಿ ತುಪ್ಪಳದ ಹಾಗೆ ರೋಮ ಬಂದಿರುತ್ತದೆ. ಬೇರನ್ನು ಎತ್ತದೆ, ಒಳ್ಳೆಯ ಲೆನ್ಸ್ ಹಿಡಿದು ಪಕ್ಕದಿಂದ ಟಾರ್ಚ್ ಬಿಡಿ. ರೋಮಗಳ ತುದಿಯಲ್ಲಿ ಹಳದಿ ಹನಿಗಳು ಹೊಳೆಯುತ್ತವೆ. ಶಾಲೆಯ ಮೈಕ್ರೋಸ್ಕೋಪ್ ಇದ್ದರೆ ಇನ್ನೂ ಚೆಂದ ಕಾಣುತ್ತದೆ. ಮಕ್ಕಳಿಗೆ ಅದನ್ನು ಮುಟ್ಟಬೇಡಿ ಅಂತ ಹೇಳಿ, ಹನಿ ಒಡೆದುಹೋಗುತ್ತದೆ.

ಬೇರು ಇಂಥ ಹನಿ ಬಿಡುತ್ತದೆ ಎಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನೆಟ್ಜ್ಲಿ ಮತ್ತು ಬಟ್ಲರ್ 1986ರಲ್ಲಿ ಬರೆದರು. ಸಣ್ಣ ಬೀಜದ ಕಳೆಗಳ ಎಳೆ ಸಸಿಯಲ್ಲಿ ಇದು ಬೆಳಕಿನಿಂದ ಆಹಾರ ಮಾಡುವ ಕೆಲಸವನ್ನೇ ತಡೆಯುತ್ತದೆ. ಹಾಗಂತ 'ಮುಂದಿನ ಬೆಳೆ ಏಳುವುದಿಲ್ಲ' ಅನ್ನುವುದೆಲ್ಲ ಇದರಿಂದಲೇ ಅನ್ನಬೇಡಿ. ಜೋಳ ನೆಲದ ತೇವವನ್ನು ಆಳದವರೆಗೆ ಎಳೆದುಬಿಟ್ಟಿರುತ್ತದೆ. ಕೂಳೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಹಿಡಿದಿಟ್ಟುಕೊಳ್ಳುತ್ತವೆ. ಸತ್ವ ಹೀರುತ್ತದೆ ಅನ್ನುವ ಹಿರಿಯರ ಮಾತಿನಲ್ಲೂ ಹುರುಳಿದೆ.

ಪ್ರಶ್ನೆ: ಅಮ್ಮಾ, ನನಗೆ 70 ದಾಟಿದೆ. ನಮ್ಮದು ಕೆಂಪು ಮಣ್ಣು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ತೊಗರಿ ಹಾಕುವುದು ತಾತನ ಕಾಲದಿಂದ ಬಂದದ್ದು. ಗೊಬ್ಬರ ಹಾಕದಿದ್ದರೂ ತೊಗರಿ ಬರುತ್ತದೆ. ನೀವು ಬಾಟಲಿ ನೀರಿನಲ್ಲಿ ನೋಡುವುದಕ್ಕೂ ನಮ್ಮ ಮಣ್ಣಿಗೂ ಏನಾದರೂ ಸಂಬಂಧ ಉಂಟೇ?
— ರೈತರು, ಕೋಲಾರ ಜಿಲ್ಲೆ

ಉತ್ತರ: ಉಂಟು ಯಜಮಾನರೇ, ಅದೂ ನಿಮ್ಮ ತೊಗರಿಯದೇ ಕತೆ.

ಕೆಂಪು ಮಣ್ಣಿನಲ್ಲಿ ರಂಜಕ ಇರುತ್ತದೆ, ಆದರೆ ಅದರಲ್ಲಿ ಬಹಳಷ್ಟು ಕಬ್ಬಿಣದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೆಚ್ಚಿನ ಬೆಳೆಗಳ ಬೇರಿಗೆ ಅದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ಹೈದರಾಬಾದ್ ಹತ್ತಿರದ ಪತಂಚೆರುವಿನಲ್ಲಿ ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ ಇದೆ, 1972ರಲ್ಲಿ ಶುರುವಾದದ್ದು. ಅಲ್ಲಿ ಜಪಾನಿನ ವಿಜ್ಞಾನಿಗಳೂ ಸೇರಿ ಮಾಡಿದ ಕೆಲಸ 1990ರಲ್ಲಿ ಪ್ರಕಟವಾಯಿತು. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಬಿಡುತ್ತದೆ. ಅದು ಹೋಗಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಕಬ್ಬಿಣದ ಹಿಡಿತ ಸಡಿಲವಾದಾಗ ರಂಜಕ ಬಿಡುಗಡೆಯಾಗುತ್ತದೆ. ಹೀಗೆ ಬಿಡಿಸಿದ ರಂಜಕ ಎಲೆ ಉದುರಿದಾಗ, ಬೇರು ಕೊಳೆತಾಗ ಮಣ್ಣಿಗೇ ಬರುತ್ತದೆ. ಮುಂದಿನ ಬೆಳೆಗೂ ಅದರ ಲಾಭ ಸಿಗಬಹುದು.

ಇದೇ ಮಾತನ್ನು ಕಲಬುರಗಿಯ ಕರಿಮಣ್ಣಿಗೆ ಹಾಗೇ ಹೇಳಲಾಗದು. ಅಲ್ಲಿ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಜೊತೆ ಕೂಡಿರುತ್ತದೆ, ಅದನ್ನು ಜೋಳವೂ ತೆಗೆದುಕೊಳ್ಳುತ್ತದೆ. ತೊಗರಿಯ ಈ ಹೆಚ್ಚುಗಾರಿಕೆ ಕಾಣುವುದು ನಿಮ್ಮಂಥ ಕೆಂಪು ನೆಲದಲ್ಲಿ.

ಬಾಟಲಿಗೂ ಹೊಲಕ್ಕೂ ವ್ಯತ್ಯಾಸ ದೊಡ್ಡದೇ. ನೀರಿನಲ್ಲಿ ಬೇರು ಬಿಟ್ಟದ್ದು ತಕ್ಷಣ ಎಲ್ಲ ಕಡೆ ಹರಡಿಬಿಡುತ್ತದೆ. ಮಣ್ಣಿನಲ್ಲಿ ಅದು ಬೇರಿನಿಂದ ಒಂದೆರಡು ಮಿಲಿಮೀಟರ್ ಒಳಗೇ ಉಳಿಯುತ್ತದೆ, ಅಲ್ಲೇ ದಟ್ಟವಾಗುತ್ತದೆ, ಅಲ್ಲೇ ಸೂಕ್ಷ್ಮಜೀವಿಗಳ ಬಾಯಿಗೂ ಬೀಳುತ್ತದೆ. ಜರ್ಮನಿಯ ಹಿಲ್ಟ್‌ನರ್ 1904ರಲ್ಲಿ ಈ ತೆಳು ಪದರಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ನೀರಿನಲ್ಲಿ ನಾವು ಕಲಿಯುವುದು ಬೇರಿನ ಕೈಯಲ್ಲಿ ಏನೇನಿದೆ ಅನ್ನುವುದನ್ನು. ಅದರಿಂದ ಎಷ್ಟು ಕೆಲಸವಾಗುತ್ತದೆ ಅನ್ನುವುದನ್ನು ನಿಮ್ಮ ಹೊಲದಲ್ಲೇ ನೋಡಬೇಕು. ಅಕ್ಕಡಿ ಸಾಲಿನ ಪಕ್ಕದ ರಾಗಿಯ ತೆನೆಯನ್ನೂ ತೊಗರಿಯಿಂದ ದೂರದ ಸಾಲಿನ ತೆನೆಯನ್ನೂ ಬೇರೆ ಬೇರೆ ತೂಗಿ ನನಗೆ ಬರೆಯುತ್ತೀರಾ? ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಗಿಡ ಕಷ್ಟಪಟ್ಟು ಮಾಡಿದ ಸಕ್ಕರೆಯನ್ನು ಬೇರು ಯಾಕೆ ಸುಮ್ನೆ ಹೊರಗೆ ಬಿಡುತ್ತೆ? ವೇಸ್ಟ್ ಅಲ್ವಾ?
— 8ನೇ ತರಗತಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಪುಟ್ಟಾ, ತುಂಬಾ ಒಳ್ಳೆಯ ಪ್ರಶ್ನೆ. ಗಿಡ ಗಾಳಿಯಿಂದ ಹಿಡಿದ ಇಂಗಾಲದಲ್ಲಿ ನೂರಕ್ಕೆ 5ರಿಂದ 20 ಭಾಗದಷ್ಟು ಹೀಗೆ ಬೇರಿನಿಂದ ಹೊರಗೆ ಹೋಗುತ್ತದೆ ಎಂಬ ಅಂದಾಜಿದೆ. ಸ್ವಲ್ಪ ಭಾಗ ನಿಜವಾಗಿಯೂ ಸೋರಿಕೆ. ಬೇರಿನ ಒಳಗೆ ಸಕ್ಕರೆ ಜಾಸ್ತಿ, ಹೊರಗೆ ಕಡಿಮೆ, ಹಾಗಾಗಿ ಹೊರಗೆ ಜಾರುತ್ತದೆ. ಎಷ್ಟೋ ಬೇರುಗಳು ಅದರಲ್ಲಿ ಸ್ವಲ್ಪವನ್ನು ವಾಪಸ್ ಎಳೆದುಕೊಳ್ಳುತ್ತವೆ ಕೂಡ.

ಉಳಿದದ್ದರಿಂದ ಗಿಡಕ್ಕೆ ಕೆಲಸ ಇದೆ. ಒಂದು ಶಿಲೀಂಧ್ರ ಬೇರಿನ ಜೊತೆ ಸೇರಿ ಬದುಕುತ್ತದೆ. ಅದು ದೂರದಿಂದ ರಂಜಕ ತಂದುಕೊಡುತ್ತದೆ, ಗಿಡ ಅದಕ್ಕೆ ಊಟ ಕೊಡುತ್ತದೆ. ಬೇರು ಎಲ್ಲಿದೆ ಅಂತ ಶಿಲೀಂಧ್ರಕ್ಕೆ ಹೇಗೆ ಗೊತ್ತಾಗಬೇಕು? ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುವನ್ನು ಚೂರೇ ಚೂರು ಬಿಡುತ್ತದೆ. ಅದು ತಾಗಿದ ಕೂಡಲೇ ಶಿಲೀಂಧ್ರದ ಎಳೆ ಕವಲೊಡೆಯುತ್ತದೆ. ಇದನ್ನು ಜಪಾನಿನವರು 2005ರಲ್ಲಿ ಕಂಡುಹಿಡಿದರು. ಆದರೆ ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಎಂಬ ಕಳೆಯೂ ಇದೇ ಕರೆ ಕೇಳಿಸಿಕೊಂಡು ಮೊಳೆಯುತ್ತದೆ. ಅದು ಅದಕ್ಕಿಂತ ತುಂಬಾ ಮೊದಲೇ, 1966ರಲ್ಲೇ ಗೊತ್ತಾಗಿತ್ತು. ಗೆಳೆಯನನ್ನು ಕರೆದರೆ ಕಳ್ಳನೂ ಬಂದ ಹಾಗೆ!

ಒಂದು ಮೆಕ್ಕೆಜೋಳದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸು. ಬೇರು ಎರಡು ಇಂಚು ಆದಾಗ ಅದರ ತುದಿಯನ್ನಷ್ಟೇ ಅರ್ಧ ಗಂಟೆ ನೀರಿನಲ್ಲಿ ಅದ್ದಿಡು. ತುದಿಯ ಸುತ್ತ ಲೋಳೆಯ ಒಂದು ಸಣ್ಣ ಟೋಪಿ ಊದಿಕೊಂಡಿರುತ್ತದೆ. ಬೆರಳಿಗೆ ಲೋಳೆಸರದ ಹಾಗೆ ಜಾರುತ್ತದೆ. ಅದೂ ಸಕ್ಕರೆಗಳನ್ನೇ ಪೋಣಿಸಿ ಮಾಡಿದ್ದು. ಗಟ್ಟಿ ಮಣ್ಣಿನೊಳಗೆ ನುಗ್ಗುವಾಗ ಬೇರಿಗೆ ಗಾಯವಾಗದಂತೆ ಕಾಯುತ್ತದೆ.

ಪ್ರಶ್ನೆ: ಮನೆಯಲ್ಲಿ ಬಾಟಲಿಗಳಲ್ಲಿ ಮನಿ ಪ್ಲಾಂಟ್ ಇಟ್ಟಿದ್ದೇನೆ. ಬೇರು ಜಾರುಜಾರಾಗಿ, ನೀರು ಸ್ವಲ್ಪ ಮಬ್ಬಾಗುತ್ತದೆ. ಅದೂ ಒಸರೇನಾ? ಆ ನೀರನ್ನು ತುಳಸಿಗೆ ಹಾಕಬಹುದಾ?
— ಗೃಹಿಣಿ, ಉಡುಪಿ

ಉತ್ತರ: ಒಸರೂ ಇದೆ, ಅದನ್ನು ತಿಂದು ಬೆಳೆದ ಬ್ಯಾಕ್ಟೀರಿಯಾದ ಪೊರೆಯೂ ಇದೆ. ಬಾಟಲಿಗೆ ಬಿಸಿಲು ಬಿದ್ದರೆ ಜೊತೆಗೆ ಪಾಚಿ. ಬೇರು ಬಿಳಿಯಾಗಿ, ಗಟ್ಟಿಯಾಗಿದ್ದರೆ ಚಿಂತೆ ಬೇಡ. ವಾರಕ್ಕೊಮ್ಮೆ ನೀರು ಬದಲಿಸಿ, ಸೊಳ್ಳೆ ಮೊಟ್ಟೆಯಿಟ್ಟಿದ್ದರೂ ಹೋಗುತ್ತದೆ. ಬಾಟಲಿ ತೊಳೆಯುವಾಗ ಬೇರನ್ನು ಉಜ್ಜಬೇಡಿ, ನೀರಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು. ಹಳೆಯ ನೀರನ್ನು ತುಳಸಿಗೆ ಧಾರಾಳವಾಗಿ ಹಾಕಿ. ಕೆಟ್ಟ ವಾಸನೆ ಬಂದು ಬೇರು ಮೆತ್ತಗಾಗಿದ್ದರೆ ಮಾತ್ರ ಅದನ್ನು ಚೆಲ್ಲಿ, ಮೆತ್ತಗಾದ ಬೇರನ್ನು ಕತ್ತರಿಸಿ, ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಅದು ಚೆನ್ನಾಗಿ ತಣ್ಣಗಾದ ಮೇಲೆ ಹೊಸ ನೀರು ತುಂಬಿ ಗಿಡ ಇಳಿಸಿ.